ಸೋಮವಾರದ ಸುಣ್ಣ

ಗುರುಪಾದಯ್ಯನವರಿಗಿಂತ ಮೊದಲು ಅವರ ಹಣೆ ಒಳಗೆ ಬರುತ್ತಿತ್ತು. ನಮ್ಮ ಪ್ರಯೋಗಾಲಯದ ಬಾಗಿಲು ಗಿಡ್ಡ, ಅವರು ಎತ್ತರದ ಆಳು. ತಲೆ ಬಗ್ಗಿಸದೆ ದಾಟುವಂತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ನಮಗೆ ಮೊದಲು ದರ್ಶನ ಕೊಡುತ್ತಿದ್ದದ್ದು ವಿಭೂತಿ, ಆಮೇಲೆ ಮೂಗು, ಮೀಸೆ, ಕಟ್ಟಕಡೆಗೆ "ನಮಸ್ಕಾರ್ರಿ" ಎನ್ನುವ ದೊಡ್ಡ ದನಿ. ವಿಭೂತಿಯೆಂದರೆ ಹೆಸರಿಗೆ ಎಳೆದ ಮೂರು ಗೆರೆಯಲ್ಲ. ಈ ಕಿವಿಯ ಬುಡದಿಂದ ಆ ಕಿವಿಯ ಬುಡದವರೆಗೆ ಅಗಲವಾದ ಪಟ್ಟೆಗಳು, ಒಣಗಿದರೆ ಬಿರುಕು ಬಿಡುವಷ್ಟು ದಪ್ಪ. ಸೋಮವಾರವಾದರೆ ಕುತ್ತಿಗೆ, ತೋಳು, ಕಿವಿಯ ತುದಿಗಳಿಗೂ ಪಾಲು ಸಿಗುತ್ತಿತ್ತು. ಅವರು ಬಬಲೇಶ್ವರದ ಜಂಗಮರ ಮನೆತನದವರು. ನಾವು ಅವರನ್ನು ಕರೆಯುತ್ತಿದ್ದದ್ದು 'ಅಯ್ನಾರ' ಎಂದೇ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ವಿಶ್ವವಿದ್ಯಾಲಯ ಇದ್ದದ್ದು ದೂರದಲ್ಲಿ. ವಿಜಾಪುರದ ಒಂದು ಕಾಲೇಜಿನ ಹಿತ್ತಲಿನ ಎರಡು ಕೋಣೆಗಳನ್ನು ಅದರ ಸಂಶೋಧನೆಗೆಂದು ಬಿಟ್ಟುಕೊಟ್ಟಿದ್ದರು. ಅಲ್ಲಿ ರಸಾಯನಶಾಸ್ತ್ರದ ದೇಸಾಯಿ ಸರ್, ಅವರ ಕೈಕೆಳಗೆ ನಾವಿಬ್ಬರು ವಿದ್ಯಾರ್ಥಿಗಳು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳಲ್ಲಿ ಏನೇನಿದೆ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಗುರುಪಾದಯ್ಯನವರದು ಧೂಳು, ನನ್ನದು ಮಳೆನೀರು. ವಿಜಾಪುರದಲ್ಲಿ ಕೂತು ಮಳೆಯ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ಯಾರಿಗಾದರೂ ನಗು ಬರಬೇಕು. ಮಳೆ ಬಿದ್ದ ದಿನ ನನಗೆ ಕೆಲಸ, ಉಳಿದ ದಿನವೆಲ್ಲ ಗುರುಪಾದಯ್ಯನವರ ಹರಟೆ ಕೇಳುವುದು. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಂಚೆ ಕಚೇರಿಯಲ್ಲಿದ್ದ ನಮ್ಮಪ್ಪ ಬಂದವರಿಗೆಲ್ಲ, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳಾಕೂ ಈಗ ಡಾಕ್ಟರೇಟ್ ಕೊಡತಾರಂತ್ರಿ" ಎಂದು ಹೇಳಿ ನಗುತ್ತಿದ್ದರು. ಒಳಗೊಳಗೇ ಅವರಿಗೆ ಹೆಮ್ಮೆಯಿತ್ತು, ಅದು ನನಗೂ ಗೊತ್ತಿತ್ತು.

ಧೂಳನ್ನು ಯಾರಾದರೂ ತಾತ್ಸಾರದಿಂದ ಝಾಡಿಸಿದರೆ ಗುರುಪಾದಯ್ಯನವರ ಮನಸ್ಸಿಗೆ ಹತ್ತುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು, ಇದು ಭೂತನಾಳದ ಕಡೆಯದು, ಇದು ನಿಡೋಣಿಯ ಎರೆಹೊಲದ್ದು ಎಂದು ಧೂಳಿಗೆ ಊರು ಹೇಳುತ್ತಿದ್ದರು. ಖರೆಯೋ ಸುಳ್ಳೋ ತಿಳಿಯುವ ದಾರಿ ನಮ್ಮ ಬಳಿ ಇರಲಿಲ್ಲ; ಅದು ಗೊತ್ತಿದ್ದೇ ಅಷ್ಟು ಧೈರ್ಯದಿಂದ ಹೇಳುತ್ತಿದ್ದರೆಂದು ನನ್ನ ಗುಮಾನಿ. ಬಸ್ಸಿನಲ್ಲಿ ಅವರು ಕೂಡುತ್ತಿದ್ದದ್ದು ಕಟ್ಟಕಡೆಯ ಸೀಟಿನಲ್ಲಿ, ಕಿಟಕಿಯ ಪಕ್ಕ. ರಸ್ತೆಯ ಧೂಳೆಲ್ಲ ಸುತ್ತಿ ಬಂದು ಒಳನುಗ್ಗುವ ಜಾಗವದು. ಒಮ್ಮೆ ತಿಕೋಟಾಕ್ಕೆ ಹೋಗುವಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವರು ನನ್ನತ್ತ ನೋಡಿ, "ಬಾಯಾರ, ಇದರ ಹೆಸರಿನ ಮ್ಯಾಲೆ ಪಗಾರ ತಗೋತೇವಿ. ಮೂಗು ಮುಚ್ಚಿದರ ಹೆಂಗ್ರಿ?" ಎಂದರು. ಅವರು ನನಗಿಂತ ಐದಾರು ವರ್ಷ ದೊಡ್ಡವರು, ಆದರೂ ಕೊನೆಯವರೆಗೆ 'ಸುಮಿತ್ರಾಬಾಯಾರ' ಎಂಬ ಬಹುವಚನ ಬಿಡಲಿಲ್ಲ. ಚೇಷ್ಟೆ ಮಾಡುವಾಗ ಮಾತ್ರ ಬಹುವಚನ ಇನ್ನಷ್ಟು ಉದ್ದವಾಗುತ್ತಿತ್ತು.

ಕೆಲಸ ಮಾಡುವಾಗ ಅವರು ಗಾಜಿನ ಸಾಮಾನುಗಳ ಜೊತೆ ಮಾತಾಡುತ್ತಿದ್ದರು. ಧೂಳಿನಲ್ಲಿರುವ ಸುಣ್ಣ ಅಳೆಯುವುದು ಅವರ ಮುಖ್ಯ ಪ್ರಯೋಗ. ಪುಸ್ತಕದಲ್ಲಿ ಅದಕ್ಕೆ ಕ್ಯಾಲ್ಸಿಯಂ ಎಂದು ಹೆಸರು, ನಮ್ಮ ಬಾಯಲ್ಲಿ ಸುಣ್ಣ. ಧೂಳು ಕೂತ ಕಾಗದವನ್ನು ಸ್ವಲ್ಪ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಬೇಕು, ಅದಕ್ಕೆ ಬಣ್ಣ ಹಾಕಬೇಕು, ಬ್ಯುರೆಟ್ಟೆಂಬ ಗಾಜಿನ ಕೊಳವೆಯಿಂದ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಸುಣ್ಣವೆಲ್ಲ ಮುಗಿದ ಗಳಿಗೆಯಲ್ಲಿ ಕೆಂಪಗಿದ್ದದ್ದು ನೀಲಿಗೆ ತಿರುಗುತ್ತದೆ. ಹನಿ ಹೆಚ್ಚು ಹಿಡಿದರೆ ಸುಣ್ಣ ಹೆಚ್ಚು, ಇಷ್ಟೇ ಲೆಕ್ಕ. ಆ ಬಣ್ಣ ತಿರುಗುವವರೆಗೆ ಗುರುಪಾದಯ್ಯನವರು ಹೊಲದ ಬದುವಿನಲ್ಲಿ ಎತ್ತು ತಿರುಗಿಸುವ ರೈತನಂತೆ, "ತಿರುಗಪ್ಪಾ, ತಿರುಗು, ನಮ್ಮಪ್ಪಲ್ಲ, ತಿರುಗು" ಎಂದು ಗುನುಗುತ್ತಿದ್ದರು. ಬಣ್ಣ ಬೇಗ ತಿರುಗದಿದ್ದರೆ ಬೈಗುಳವೂ ಇತ್ತು. ಅದು ಇಲ್ಲಿ ಬರೆಯುವಂಥದ್ದಲ್ಲ.

ಧೂಳು ಹಿಡಿಯುವ ಯಂತ್ರ ನಮ್ಮಲ್ಲಿ ಇದ್ದದ್ದು ಒಂದೇ. ಒಳಗೆ ಮೋಟರು ಕೂಡಿಸಿದ ತಗಡಿನ ದೊಡ್ಡ ಡಬ್ಬಿ, ಅದರ ನೆತ್ತಿಯ ಮೇಲೆ ಒಂದು ಬಿಳಿಯ ಸೋಸುವ ಕಾಗದ. ಗಾಳಿಯನ್ನು ಎಳೆದು ಆ ಕಾಗದದ ಮೂಲಕ ಹಾಯಿಸಿದರೆ ಧೂಳು ಮೇಲೆ ಉಳಿಯುತ್ತದೆ. ದಿನಾ ಬೆಳಿಗ್ಗೆ ಹಳೆಯ ಕಾಗದ ತೆಗೆದು ಹೊಸದನ್ನು ಇಡಬೇಕು. ಕೆಲವು ತಿಂಗಳು ಆ ಯಂತ್ರ ಕಾಲೇಜಿನ ಮಾಳಿಗೆಯ ಮೇಲೆ, ಕೆಲವು ತಿಂಗಳು ತಿಕೋಟಾದಲ್ಲಿ ಪರಿಚಯದವರೊಬ್ಬರ ಮಾಳಿಗೆಯ ಮೇಲೆ, ಆಮೇಲೆ ಬಬಲೇಶ್ವರದಲ್ಲಿ ಗುರುಪಾದಯ್ಯನವರ ಸ್ವಂತ ಮನೆಯ ಮಾಳಿಗೆಯ ಮೇಲೆ. ಯಂತ್ರ ಹೋದಲ್ಲಿ ಅವರೂ ಹೋಗಿ ಬಿಡಾರ ಹೂಡುತ್ತಿದ್ದರು.

ಅದರ ಸಪ್ಪಳ ಥೇಟ್ ಹಿಟ್ಟಿನ ಗಿರಣಿಯದು. ತಿಕೋಟಾದಲ್ಲಿ ಅದನ್ನು ಹಚ್ಚಿದ ಮರುದಿನವೇ ಒಬ್ಬ ಹೆಣ್ಣುಮಗಳು ಜೋಳದ ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ನಿಂತಳು. ನಾನು ಅಂದು ಅಲ್ಲಿಯೇ ಇದ್ದೆ.

"ಜ್ವಾಳ ಬೀಸ್ತೀರೇನ್ರಿ ಅಯ್ನಾರ?"

"ಇದು ಜ್ವಾಳದ ಗಿರಣಿ ಅಲ್ಲವ್ವಾ. ಗಾಳಿ ಗಿರಣಿ."

"ಬೀಸೂ ಗಾಳೀನ ಮತ್ತೇನ್ ಬೀಸ್ತೀರಿ?" ಎಂದಳು ಆಕೆ.

ಗುರುಪಾದಯ್ಯನವರು ಸೋಲುವವರಲ್ಲ. ಮಾಳಿಗೆಗೆ ಹೋಗಿ ಹಿಂದಿನ ದಿನದ ಕಾಗದ ತಂದು ತೋರಿಸಿದರು. ಅದರ ಮೇಲೆ ಬೂದು ಬಣ್ಣದ ತೆಳ್ಳನೆಯ ಪದರ. ಹೆಣ್ಣುಮಗಳು ಅದನ್ನು ಸಾವಕಾಶ ನೋಡಿ, ಇಡೀ ದಿನ ಬೀಸಿದ್ದು ಇಷ್ಟೇ ಏನು ಎಂದು ಕೇಳಿದಳು. ಹೌದೆಂದಾಗ, "ಇಷ್ಟು ಹಿಟ್ಟಿಗೆ ಒಂದು ರೊಟ್ಟೀನೂ ಆಗಂಗಿಲ್ಲರಿ" ಎಂದು ಮರುಕದಿಂದ ಹೇಳಿ, ಬುಟ್ಟಿ ಮತ್ತೆ ತಲೆಯ ಮೇಲಿಟ್ಟುಕೊಂಡು ಹೋದಳು. ನಮ್ಮ ಸಂಶೋಧನೆಯ ಬಗ್ಗೆ ಅಷ್ಟು ಸರಿಯಾದ ಅಭಿಪ್ರಾಯವನ್ನು ಆಮೇಲೆ ಯಾವ ವಿದ್ವಾಂಸರೂ ಕೊಡಲಿಲ್ಲ ಎಂದು ಗುರುಪಾದಯ್ಯನವರೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದರು.

ಹೀಗೆ ನಗುನಗುತ್ತ ಒಂದು ವರ್ಷ ಕಳೆಯುವ ಹೊತ್ತಿಗೆ ಅವರ ಆಲೇಖದಲ್ಲಿ ಒಂದು ವಿಚಿತ್ರ ಕಂಡಿತು. ವಾರಕ್ಕೊಮ್ಮೆ ಸುಣ್ಣದ ಗೆರೆ ಮೇಲಕ್ಕೇರುತ್ತಿತ್ತು, ಅದೂ ಸೋಮವಾರವೇ. ಯಂತ್ರ ಕಾಲೇಜಿನಲ್ಲಿದ್ದರೂ ಸೋಮವಾರ, ತಿಕೋಟಾದಲ್ಲಿದ್ದರೂ ಸೋಮವಾರ, ಬಬಲೇಶ್ವರದಲ್ಲಿದ್ದರೂ ಸೋಮವಾರ. ದೇಸಾಯಿ ಸರ್ ಹಿಗ್ಗಿಹೋದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರ ಜೀವನದಲ್ಲಿ ಇಂಥದ್ದು ಕೈಗೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಪ್ರಯೋಗಾಲಯದ ಚಹಾದ ಮೊದಲ ಕಪ್ಪು ಗುರುಪಾದಯ್ಯನವರಿಗೆ, ಫ್ಯಾನಿನ ಕೆಳಗಿನ ಕುರ್ಚಿ ಗುರುಪಾದಯ್ಯನವರಿಗೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ನಾವು ಹೇಳುತ್ತೇವಲ್ಲ. ನಮ್ಮಲ್ಲಿ ಮಾತ್ರ ಸುಣ್ಣ ಸಿಕ್ಕವರೇ ಮುದ್ದಿನ ಮಗ. ನಾನು ಒಣಗಿದ ಮಳೆಬಟ್ಟಲುಗಳನ್ನು ಒರೆಸುತ್ತ ಇದನ್ನೆಲ್ಲ ನೋಡುತ್ತಿದ್ದೆ. ನೋಡಿ ಸುಮ್ಮನಿರುವ ಸ್ವಭಾವ ನನ್ನದಲ್ಲವಾದ್ದರಿಂದ ಆಗಾಗ ಒಂದೆರಡು ಮಾತು ಆಡುತ್ತಲೂ ಇದ್ದೆ.

ಸೋಮವಾರವೇ ಯಾಕೆ ಎಂಬುದಕ್ಕೆ ಕಾರಣ ಬೇಕಿತ್ತು. ಎಲ್ಲೋ ಸುಣ್ಣದ ಭಟ್ಟಿಗೆ ಭಾನುವಾರ ಬೆಂಕಿ ಹಾಕುತ್ತಿರಬೇಕು, ಅದರ ಪುಡಿ ಸೋಮವಾರ ಗಾಳಿಯಲ್ಲಿ ಬರುತ್ತಿರಬೇಕು ಎಂದು ಸರ್ ಲೆಕ್ಕ ಹಾಕಿದರು. ನಾವು ಮೂವರೂ ಭಟ್ಟಿ ಹುಡುಕಲು ಹೊರಟೆವು. ತಿಕೋಟಾದ ಸುತ್ತ ಬಿಸಿಲಲ್ಲಿ ನಡೆದೆವು, ಬಬಲೇಶ್ವರದ ದಾರಿಯಲ್ಲಿ ಕಂಡ ಕಂಡ ಹೊಗೆಯ ಬೆನ್ನು ಹತ್ತಿದೆವು. ಒಂದು ಹೊಗೆ ಇಟ್ಟಂಗಿ ಭಟ್ಟಿಯದಾಗಿತ್ತು, ಇನ್ನೊಂದು ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದದ್ದು. ಮರದಡಿ ಕೂತಿದ್ದ ಒಬ್ಬ ಮುದುಕರನ್ನು ಸರ್, ಇಲ್ಲೆಲ್ಲಾದರೂ ಸುಣ್ಣ ಸಿಗುತ್ತದೆಯೇ ಎಂದು ಕೇಳಿದರು. ಮುದುಕರು ತಟ್ಟನೆ ಉಡಿಯಿಂದ ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಜೊತೆಗೆ ಎಲೆ ತಂಬಾಕು ಇದೆಯೋ ಅದೂ ಬೇಕೋ ಎಂದು ವಿಚಾರಿಸಿದರು. ಸರ್ ಎಲೆ ಹಾಕುವವರಲ್ಲ. ಆದರೂ ದಣಿದಿದ್ದರು, ಅಲ್ಲೇ ಕೂತು ಒಂದು ಎಲೆ ಹಾಕಿಕೊಂಡರು.

ಭಟ್ಟಿ ಸಿಗದಿದ್ದರೂ ಪ್ರಬಂಧ ನಿಲ್ಲಲಿಲ್ಲ. 'ವಾರದ ಒಂದು ದಿನ ಸುಣ್ಣದ ಏರಿಕೆ' ಎಂಬ ಅಧ್ಯಾಯವನ್ನು ಗುರುಪಾದಯ್ಯನವರು ಟೈಪು ಮಾಡಿಸಿದರು. ಅವರ ಪದವಿ ನಿಂತಿದ್ದದ್ದೇ ಆ ಅಧ್ಯಾಯದ ಮೇಲೆ. ಉಳಿದದ್ದೆಲ್ಲ, ವಿಜಾಪುರದಲ್ಲಿ ಧೂಳು ಬಹಳ ಎಂದು ಯಾರಿಗಾದರೂ ಗೊತ್ತಿರುವ ಸಂಗತಿ. ವಿದ್ಯಾರ್ಥಿವೇತನ ಮುಗಿಯಲು ಬಂದಿತ್ತು. ಮಗನ ಓದು ಎಂದು ಮುಗಿದೀತು ಎಂದು ಬಬಲೇಶ್ವರದಲ್ಲಿ ಅವರ ತಾಯಿ ನೀಲಮ್ಮ ಕೇಳಿ ಕೇಳಿ ಸಾಕಾಗಿ, ಈಗ ಕೇಳುವುದನ್ನೇ ಬಿಟ್ಟಿದ್ದರು. ಆ ಮೌನ ಹೆಚ್ಚು ಚುಚ್ಚುತ್ತದೆ ಎಂದು ಗುರುಪಾದಯ್ಯನವರು ಒಮ್ಮೆ ಮಾತ್ರ ನನ್ನ ಮುಂದೆ ಹೇಳಿದ್ದರು.

ಅಷ್ಟರಲ್ಲಿ ಶ್ರಾವಣ ಬಂತು. ಮಳೆಗೆ ಧೂಳು ಅಡಗಬೇಕು, ಸುಣ್ಣ ಇಳಿಯಬೇಕು. ನಮ್ಮಲ್ಲಿ ಅದು ಏರಿತು, ಬರೀ ಸೋಮವಾರವಲ್ಲ, ದಿನಾ. ಸರ್ ತಲೆ ಕೆರೆದುಕೊಂಡರು. ಆ ತಿಂಗಳ ನಡುವೆ ಗುರುಪಾದಯ್ಯನವರು ಚಳಿಜ್ವರ ಬಂದು ಊರಿಗೆ ಹೋಗಿ ಮಲಗಿದರು. ಯಂತ್ರ ಆಗ ಕಾಲೇಜಿನ ಮಾಳಿಗೆಯ ಮೇಲಿತ್ತು. ಕಾಗದ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು, ಅಳೆಯುವುದೂ ನಾನೇ. ಸುಣ್ಣ ದಡಕ್ಕನೆ ಇಳಿಯಿತು, ಸೋಮವಾರವೂ ಏಳಲಿಲ್ಲ. ಸರ್ ನನ್ನ ಅಂಕಿಗಳನ್ನು ನೋಡಿ, "ನಿನ್ನ ಕೈಯಾಗ ಏನೋ ತಪ್ಪದ. ಮತ್ತೊಮ್ಮೆ ಮಾಡು" ಎಂದರು. ಮತ್ತೊಮ್ಮೆ ಮಾಡಿದೆ, ಅಷ್ಟೇ ಬಂತು. ಹುಡುಗಿಯರಿಗೆ ಬಣ್ಣ ತಿರುಗುವುದು ಸರಿಯಾಗಿ ತಿಳಿಯುವುದಿಲ್ಲವೆಂದು ಅವರು ಗೊಣಗಿದರು. ಹತ್ತು ಅಂಗಡಿ ತಿರುಗಿ ಸೀರೆಗೆ ಹೊಂದುವ ಕುಪ್ಪಸದ ಬಟ್ಟೆ ಆರಿಸುವ ನಮಗೆ ಕೆಂಪು ನೀಲಿ ಗೊತ್ತಾಗುವುದಿಲ್ಲವಂತೆ! ನಾನು ಮೂರು ದಿನ ಸರ್ ಜೊತೆ ಮಾತು ಬಿಟ್ಟೆ. ಅದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಗುರುಪಾದಯ್ಯನವರು ಮರಳಿ ಬಂದದ್ದು ಒಂದು ಸೋಮವಾರ. ಜ್ವರ ಬಿಟ್ಟ ಹರಕೆಯೋ ಏನೋ, ಅಂದು ವಿಭೂತಿ ಹಿಂದೆಂದಿಗಿಂತ ಜೋರಾಗಿತ್ತು. ಸರ್ ನನ್ನ ಮೇಲೆ ದೂರು ಹೇಳಿದಾಗ, "ಬಾಯಾರ ಕೈ ಸುಳ್ಳು ಹೇಳಂಗಿಲ್ಲರಿ ಸರ್, ಬಾಯಿ ಬೇಕಾದರ ಹೇಳೀತು" ಎಂದು ನನ್ನ ಪರವಾಗಿ ನಿಂತರು. ನಾವಿಬ್ಬರೂ ಕಾಗದ ಬದಲಿಸಲು ಮಾಳಿಗೆಗೆ ಹೋದೆವು. ಅವರು ಹೊಸ ಕಾಗದವನ್ನು ಚಿಮುಟದಿಂದ ಎತ್ತಿ ಇಟ್ಟರು. ಕೈಯಿಂದ ಮುಟ್ಟಬಾರದು, ಅಷ್ಟು ಎಚ್ಚರ. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಹುಬ್ಬು ಏರಿಸಿದರು. ಹಣೆಯಿಂದ ಒಂದು ಬಿಳಿಯ ಚಕ್ಕೆ ಉದುರಿ ಕಾಗದದ ನಟ್ಟನಡುವೆ ಬಿತ್ತು. ಅವರು ಅಭ್ಯಾಸದಂತೆ ಅದನ್ನು ಉಫ್ ಎಂದು ಊದಿದರು. ಊದಿದ ರಭಸಕ್ಕೆ ಹಣೆಯಲ್ಲಿ ಉಳಿದದ್ದೂ ಸ್ವಲ್ಪ ಸಡಿಲಾಯಿತು.

ನಾನು ಕೆಳಗೆ ಬಂದು, "ಅಯ್ನಾರ, ಒಂದು ಚೂರು ಇಬತ್ತಿ ಕೊಡ್ರಿ" ಎಂದೆ. ನನಗೆ ಭಕ್ತಿ ಹುಟ್ಟಿತೆಂದು ಅವರಿಗೆ ಸಂತೋಷವಾಯಿತು. ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಒಂದು ಚೂರು ಮುರಿದು, ಎರಡೂ ಕೈಯಿಂದ ಕೊಟ್ಟರು. ನಾನು ಅದನ್ನು ಹಣೆಗೆ ಹಚ್ಚಿಕೊಳ್ಳದೆ ಆಮ್ಲದ ಬೀಕರಿಗೆ ಹಾಕಿದೆ. ಅದು ಬುಸ್ಸೆಂದು ನೊರೆ ಎದ್ದಿತು. ಸುಣ್ಣದ ಕಲ್ಲು ಹಾಕಿದರೆ ಹಾಗೆಯೇ ನೊರೆ ಏಳುತ್ತದೆಂದು ಇಬ್ಬರಿಗೂ ಗೊತ್ತು. ಅವರ ಮುಖದ ನಗು ಇನ್ನೂ ಪೂರಾ ಹೋಗಿರಲಿಲ್ಲ. ತಾವೇ ಮುಂದೆ ಬಂದು, ಬಣ್ಣ ಹಾಕಿ, ಬ್ಯುರೆಟ್ಟು ತಿರುಗಿಸಿದರು. ಹನಿ ಬೀಳುತ್ತ ಹೋಯಿತು. ಅಂದು ಅವರು 'ತಿರುಗಪ್ಪಾ' ಎನ್ನಲಿಲ್ಲ. ಬ್ಯುರೆಟ್ಟು ಖಾಲಿಯಾಯಿತು, ಬಣ್ಣ ಕೆಂಪಗೇ ಇತ್ತು.

ನಾವು ಊರೂರು ತಿರುಗಿ ಹುಡುಕಿದ ಭಟ್ಟಿ ನಮ್ಮ ಜೊತೆಯಲ್ಲೇ ಬಸ್ಸಿನಲ್ಲಿ ಕೂತು ತಿರುಗುತ್ತಿತ್ತು. ಸೋಮವಾರ ಹೆಚ್ಚು ಹಚ್ಚುತ್ತಿದ್ದರು, ಶ್ರಾವಣದಲ್ಲಿ ದಿನಾ ಅಷ್ಟೇ ಹಚ್ಚುತ್ತಿದ್ದರು, ಜ್ವರ ಬಂದು ಮಲಗಿದಾಗ ಯಂತ್ರದ ಹತ್ತಿರ ಬಂದಿರಲಿಲ್ಲ. ಎಲ್ಲವೂ ಸರಿಹೋಯಿತು. ನನಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆಮೇಲೆ ಅವರ ಮುಖ ನೋಡಿದೆ. ಟೈಪಾದ ಅಧ್ಯಾಯ ಮೇಜಿನ ಮೇಲಿತ್ತು. ನಗು ತಾನಾಗಿ ನಿಂತಿತು.

ಸೋಮವಾರಗಳನ್ನೂ ಶ್ರಾವಣವನ್ನೂ ಕೈಬಿಟ್ಟು ಉಳಿದದ್ದನ್ನು ಕೊಟ್ಟರಾಯಿತಲ್ಲ ಎಂದು ನಾನು ಸಮಾಧಾನ ಹೇಳಿದೆ. ಮಂಗಳವಾರವೇನು ಬೋಳು ಹಣೆಯಲ್ಲಿ ಬರುತ್ತಿದ್ದೆನೇ ಎಂದು ಅವರು ಕೇಳಿದರು. ಅದೂ ನಿಜವೇ. ದಿನದಿನದ ಕಾಗದದಲ್ಲೂ ಅವರು ಇದ್ದರು, ಸೋಮವಾರ ತುಸು ಹೆಚ್ಚು, ಅಷ್ಟೇ. ಆದರೂ ಇದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ, ಯಾವ ಪರೀಕ್ಷಕರು ಬಂದು ನಿಮ್ಮ ಹಣೆ ನೋಡುತ್ತಾರೆ ಎಂದೆ. ಅವರು ಬಹಳ ಹೊತ್ತು ಬ್ಯುರೆಟ್ಟು ತೊಳೆಯುತ್ತ ನಿಂತಿದ್ದರು.

"ಸೋಮವಾರ ವಾರಕ್ಕೊಮ್ಮೆ ಬರತೈತಲ್ರಿ ಬಾಯಾರ," ಎಂದರು ಕೊನೆಗೆ. "ಅಷ್ಟು ಸಲ ಮಾರಿ ಮುಚ್ಕೊಂಡು ಕುಂದ್ರಾಕ ನನಗ ಆಗಂಗಿಲ್ಲ."

ಸರ್‌ಗೆ ಹೇಳುವಾಗ ನಾನೂ ಜೊತೆಗಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಗುರುಪಾದಯ್ಯನವರ ಹಣೆಯನ್ನೇ, ಮೊದಲ ಸಲ ಕಂಡವರ ಹಾಗೆ ನೋಡಿದರು. "ನಿನ್ನ ಹಣೀ ಮ್ಯಾಲಿನ ಸುಣ್ಣ ಹುಡಕಲಿಕ್ಕೆ ನಾ ಆ ಬಿಸಲಾಗ ತಿಕೋಟಾ ಎಲ್ಲಾ ತಿರಗಿದೆನಲ್ಲೋ" ಎಂದರು. ಆ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ ನನಗೆ ತಿಳಿಯಲಿಲ್ಲ. ಆಮೇಲೆ ಆ ಅಧ್ಯಾಯವನ್ನು ತಾವೇ ಎರಡಾಗಿ ಮಡಚಿ ಕಪಾಟಿನೊಳಗಿಟ್ಟರು. ಇಡೀ ವರ್ಷದ ಕೆಲಸ ಮೊದಲಿನಿಂದ ಆಗಬೇಕೆಂದರು. ನನ್ನ ಕೈಯಲ್ಲಿ ತಪ್ಪಿರಲಿಲ್ಲವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮರುದಿನ ಚಹಾದ ಮೊದಲ ಕಪ್ಪು ನನ್ನ ಮುಂದೆ ಬಂತು.

ಹೊಸ ವರ್ಷದ ಕೆಲಸಕ್ಕೆ ವಿದ್ಯಾರ್ಥಿವೇತನ ಇರಲಿಲ್ಲ. ಗುರುಪಾದಯ್ಯನವರು ಸಂಜೆ ಹುಡುಗರಿಗೆ ಪಾಠ ಹೇಳಿ ದಿನ ನೂಕಿದರು. ಆದರೆ ದೊಡ್ಡ ಸಮಸ್ಯೆ ಅದಲ್ಲ, ವಿಭೂತಿ. ಬಿಡಲು ಅವರಿಗೆ ಮನಸ್ಸಿಲ್ಲ. ಮೊದಲು ಹಣೆಗೆ ಒದ್ದೆ ಟಾವೆಲು ಕಟ್ಟಿಕೊಂಡು ಮಾಳಿಗೆ ಏರಿದರು. ಕಂಡವರೆಲ್ಲ ಜ್ವರ ಮತ್ತೆ ಬಂತೇ ಎಂದು ವಿಚಾರಿಸಿದರು. ಆಮೇಲೆ ವಿಭೂತಿಯನ್ನೇ ಒದ್ದೆ ಮಾಡಿ ಹಚ್ಚಿಕೊಂಡರು. ವಿಜಾಪುರದ ಬಿಸಿಲಿಗೆ ಒದ್ದೆ ಎಂಬುದು ಎಷ್ಟು ಹೊತ್ತು ಉಳಿದೀತು? ಪ್ರತಿ ಉಪಾಯಕ್ಕೂ ಒಂದೊಂದು ಕಾಗದ ಅಳೆದು, ಸುಣ್ಣ ಕಂಡು, ಮುಖ ಚಿಕ್ಕದು ಮಾಡಿಕೊಂಡು ಬರುತ್ತಿದ್ದರು. ಕಡೆಗೆ ಕಾಗದ ಬದಲಿಸುವವರೆಗೆ ಬೋಳು ಹಣೆ, ಬದಲಿಸಿ ಇಳಿದ ಮೇಲೆ ಪೂಜೆ ಎಂದು ತಮಗೆ ತಾವೇ ಒಂದು ನೇಮ ಮಾಡಿಕೊಂಡರು. ಬೋಳು ಹಣೆಯ ಗುರುಪಾದಯ್ಯನವರು ಬಾಗಿಲು ದಾಟಿ ಬಂದ ಮೊದಲ ದಿನ ನಾನು ಗುರುತು ಹಿಡಿಯದೆ, ಯಾರು ಬೇಕಾಗಿತ್ತು ಎಂದು ಕೇಳಿಬಿಟ್ಟೆ.

ಯಂತ್ರ ಬಬಲೇಶ್ವರಕ್ಕೆ ಹೋದಾಗ ನಿಜವಾದ ಕಷ್ಟ ಶುರುವಾಯಿತು. ನಾನು ಮಳೆಬಟ್ಟಲು ಇಡಲು ಅವರ ಮನೆಗೆ ಹೋಗಿದ್ದೆ. ನೀಲಮ್ಮ ನನ್ನನ್ನು ಒಲೆಯ ಹತ್ತಿರ ಕೂಡಿಸಿಕೊಂಡು, ಬಿಸಿ ರೊಟ್ಟಿ ಹಾಕುತ್ತ, ಮಗನ ಮೇಲೆ ದೂರು ಹೇಳಿದರು. ಏಳುತ್ತಲೇ ಬೋಳು ಹಣೆಯಲ್ಲಿ ಮಾಳಿಗೆ ಏರುತ್ತಾನೆ, ಓಣಿಯವರು ನೋಡುತ್ತಾರೆ, ಜಂಗಮರ ಮಗ ಹೀಗೆ ತಿರುಗಿದರೆ ಜನ ಏನೆಂದುಕೊಂಡಾರು. ಮೇಲಿನಿಂದ ಇಳಿದು ಬಂದ ಗುರುಪಾದಯ್ಯನವರು ಅದನ್ನು ಕೇಳಿಸಿಕೊಂಡರು. ಕ್ಯಾಲ್ಸಿಯಂ, ಕಣ ಎಂದೆಲ್ಲ ಶುರು ಮಾಡಿದವರು ನಡುವೆಯೇ ನಿಲ್ಲಿಸಿ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತರು.

"ಮಜ್ಜಿಗಿ ಕಡದ ಕೈಲೆ ಹಾಲಿನ ಗಡಗಿ ಮುಟ್ಟತೀಯೇನಬೇ?"

"ಹೆಂಗ ಮುಟ್ಟಲೋ, ಒಡದ ಹೋಗತೈತಿ."

"ಹಂಗ ಇದು. ಮಜ್ಜಿಗಿ ಕೆಟ್ಟದ್ದಲ್ಲ. ಹಾಲಿನಾಗ ಬೀಳಬಾರದು, ಅಷ್ಟ."

ನೀಲಮ್ಮ ಮಗನಿಗೊಂದು ರೊಟ್ಟಿ ಹಾಕಿದರು. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ತಿಂಗಳ ಮೇಲೆ ಮತ್ತೆ ಹೋದಾಗ ಗೊತ್ತಾಯಿತು. ಮಾಳಿಗೆಯ ನಿಚ್ಚಣಿಕೆಯ ಬುಡದಲ್ಲಿ ಆಕೆ ಕಾವಲು ಕೂತಿದ್ದರು. ವಿಭೂತಿ ಹಚ್ಚಿದ ಒಂದು ನರಪಿಳ್ಳೆಯನ್ನೂ ಮೇಲೆ ಬಿಡುತ್ತಿರಲಿಲ್ಲ. ಬೇರೆ ಊರಿನಿಂದ ಬಂದ ಮೈದುನ ಮಾಳಿಗೆಯ ಮೇಲೆ ಗಾಳಿಗೆ ಕೂಡುತ್ತೇನೆಂದಾಗ ಸೆರಗಿನ ಚುಂಗು ನೀರಿಗೆ ಅದ್ದಿ ಅವರ ಹಣೆಯನ್ನು ತಾವೇ ಒರೆಸಿದರಂತೆ. ಅದನ್ನು ಹೇಳಿ ನಗುತ್ತಿದ್ದ ಆಕೆಯ ಮುಖದಲ್ಲಿ ಏನೋ ಬದಲಾಗಿದೆ ಅನ್ನಿಸಿ ನೋಡಿದೆ. ಗಂಡ ತೀರಿಕೊಂಡ ಮೇಲೆ ಆಕೆಯ ಹಣೆಯಲ್ಲಿ ಇರುತ್ತಿದ್ದದ್ದು ವಿಭೂತಿ ಒಂದೇ. ಈಗ ಅದೂ ಇರಲಿಲ್ಲ. ನಾನು ನೋಡಿದ್ದನ್ನು ಗಮನಿಸಿ, "ಸಂಡಗಿ ಹಾಕಾಕ ನಾನೂ ಮ್ಯಾಲ ಹೋಗಬೇಕಲ್ಲವ್ವಾ" ಎಂದರು. ಆಮೇಲೆ ಸಂಡಿಗೆಯ ಹಿಟ್ಟು ಈ ಸಲ ತೆಳ್ಳಗಾಯಿತೆಂದು ಹೇಳುತ್ತ ಏಣಿ ಏರಿದರು.

ವರ್ಷ ಮುಗಿಯಿತು. ಹೊಸ ಆಲೇಖದಲ್ಲಿ ಸೋಮವಾರ ಮಂಗಳವಾರದಂತೆಯೇ ಇತ್ತು. ಶ್ರಾವಣದಲ್ಲಿ ಸುಣ್ಣ ಇಳಿದಿತ್ತು, ಪುಸ್ತಕದಲ್ಲಿ ಹೇಳಿದಂತೆ. ವಿಜಾಪುರ ಸೀಮೆಯ ಹೊಲಗಳ ಹಾಗೆ ಸಪಾಟಾದ ಆ ಗೆರೆಯನ್ನು ಗುರುಪಾದಯ್ಯನವರು ಬಂದವರಿಗೆಲ್ಲ ತೋರಿಸಿದರು. ಏರಿದ್ದ ಗೆರೆಯನ್ನು ಅವರು ಅಷ್ಟು ಪ್ರೀತಿಯಿಂದ ತೋರಿಸಿರಲಿಲ್ಲ. ಇಷ್ಟು ಸಪ್ಪೆ ಪ್ರಬಂಧಕ್ಕೆ ಪದವಿ ಸಿಕ್ಕೀತೇ ಎಂದು ಸರ್‌ಗೆ ಹೆದರಿಕೆ ಇತ್ತು, ನನಗೂ ಇತ್ತು. ಅದು ಏನಾಯಿತೆಂದು ಆಮೇಲೆ ಹೇಳುತ್ತೇನೆ.

ಮುಂದೆ ಅವರು ರಾಯಚೂರಿನ ಕಡೆಯ ಒಂದು ಊರಿನಲ್ಲಿ ಪಾಠ ಹೇಳಲು ಹೋದರು. ನಾನು ವಿಜಾಪುರದಲ್ಲೇ ಉಳಿದೆ. ಕೊನೆಯ ಸಲ ಅವರನ್ನು ಕಂಡದ್ದು ಆ ದಶಕ ಮುಗಿಯುವ ಹೊತ್ತಿಗೆ, ಸ್ಟೇಷನ್ ರಸ್ತೆಯಲ್ಲಿ. ತಾಯಿಗೆ ಕೌದಿ ಹೊಲಿಯಲೆಂದು ಬಟ್ಟೆ ಕೊಂಡು ಹೊರಟಿದ್ದರು. ಕೂದಲು ಹಿಂದೆ ಸರಿದು ಹಣೆ ಇನ್ನೂ ದೊಡ್ಡದಾಗಿತ್ತು. ಈಗ ಜಾಗ ಹೆಚ್ಚಾಯಿತಲ್ಲ ಎಂದು ನಾನು ಚೇಷ್ಟೆ ಮಾಡಿದೆ, ಖರ್ಚೂ ಹೆಚ್ಚಾಗಿದೆ ಎಂದು ಅವರು ಉತ್ತರಿಸಿದರು. ರಾಯಚೂರಿನ ಬಿಸಿಲಿಗೆ ವಿಜಾಪುರದ ಬಿಸಿಲು ಯಾವ ಲೆಕ್ಕಕ್ಕೂ ಇಲ್ಲವೆಂದರು, ಹುಡುಗರು ಚಿಮುಟ ಹಿಡಿಯುವುದನ್ನೇ ಕಲಿಯುವುದಿಲ್ಲವೆಂದು ಬೇಸರಪಟ್ಟರು. ಚಹಾ ಕುಡಿದೆವು. ಬಬಲೇಶ್ವರದ ಬಸ್ಸು ಬಂತೆಂದು ಅವಸರದಲ್ಲಿ ಎದ್ದು ಹೋದರು. ಎರಡು ಬೇಸಿಗೆ ಕಳೆದ ಮೇಲೆ ಅವರಿಗೆ ಎದೆನೋವು ಬಂದು ಹೋಗಿಬಿಟ್ಟರೆಂದು ಸುದ್ದಿ ಬಂತು. ಆ ವಯಸ್ಸು ಹೋಗುವ ವಯಸ್ಸಾಗಿರಲಿಲ್ಲ. ಅಷ್ಟು ಚೇಷ್ಟೆ ಮಾಡಿಸಿಕೊಳ್ಳುವ ಇನ್ನೊಬ್ಬರು ನನಗೆ ಆಮೇಲೆ ಸಿಗಲಿಲ್ಲ.

ಅವರ ಮೌಖಿಕ ಪರೀಕ್ಷೆಯ ದಿನದ್ದು ಹೇಳುವುದು ಉಳಿಯಿತು. ಪರೀಕ್ಷಕರು ದಕ್ಷಿಣದ ಕಡೆಯಿಂದ ಬಂದವರು, ಕಟ್ಟುನಿಟ್ಟಿನ ಮನುಷ್ಯ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ದೇಸಾಯಿ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಪ್ರಬಂಧ ತಿರುವಿ ಹಾಕುತ್ತ ಪರೀಕ್ಷಕರು ಇಂಗ್ಲಿಷಿನಲ್ಲಿ ಒಂದಷ್ಟು ಕೇಳಿದರು, ಗುರುಪಾದಯ್ಯನವರು ತಡವರಿಸುತ್ತ ಉತ್ತರಿಸಿದರು. ಆಮೇಲೆ ಪರೀಕ್ಷಕರಿಗೆ ಮೊದಲ ವರ್ಷದ ಅಂಕಿಗಳನ್ನು ಪೂರಾ ಬಿಟ್ಟ ಜಾಗ ಕಂಡಿತು. ಪುಸ್ತಕ ಮುಚ್ಚಿ, ಕನ್ನಡದಲ್ಲೇ ಕೇಳಿದರು. ಒಂದಿಡೀ ವರ್ಷದ್ದನ್ನು ಯಾಕೆ ಬಿಟ್ಟಿರಿ, ಅದೇ ಊರು, ಅದೇ ಯಂತ್ರ, ಎರಡು ವರ್ಷದ ಗಾಳಿಗೂ ಅಂಥ ವ್ಯತ್ಯಾಸವೇನು? ಪದವಿ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆಯೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಗುರುಪಾದಯ್ಯನವರು ಎದ್ದು ನಿಂತರು, ಕೈ ಕಟ್ಟಿಕೊಂಡರು.

"ಆ ವರ್ಷದ ಗಾಳಿಯೊಳಗ ನಾ ಇದ್ದೆರಿ ಸರ್," ಎಂದರು. "ಈಗಿನ ಗಾಳಿಯೊಳಗ ನಾ ಇಲ್ಲರಿ."

ಪರೀಕ್ಷಕರಿಗೆ ತಿಳಿಯಲಿಲ್ಲ. ದೇಸಾಯಿ ಸರ್ ತಮ್ಮ ಹಣೆ ಮುಟ್ಟಿ ತೋರಿಸಿ ವಿವರಿಸಿದರು. ಅರ್ಥವಾದ ಕೂಡಲೆ ಆ ಕಟ್ಟುನಿಟ್ಟಿನ ಮನುಷ್ಯ ಕುರ್ಚಿಗೆ ಒರಗಿ ನಕ್ಕರು, ನಗುತ್ತಲೇ ಸಹಿ ಹಾಕಿದರು. ಸರ್ ನಕ್ಕರು, ಗುರುಪಾದಯ್ಯನವರೂ ನಕ್ಕರು. ಅಂದು ನಾನೂ ನಕ್ಕಿದ್ದೆ.